ಹ್ಯಾಮ್ ಮೂಳೆ ಎಸೆಯಬೇಡಿ: ಮಂದನೆಯ ಬೀನ್ಸ್ ಸೂಪ್ ಮಾಡುವ ಕ್ರಮ

ದೊಡ್ಡ ಹ್ಯಾಮ್ (ಉಪ್ಪು ಹಾಕಿ ಹದ ಮಾಡಿದ ಹಂದಿ ತೊಡೆ) ತುಂಡನ್ನು ಹೋಳು ಮಾಡಿ ತಿಂದಾದ ಮೇಲೆ ಉಳಿಯುವುದು ಮೂಳೆ, ಅದಕ್ಕೆ ಕಚ್ಚಿಕೊಂಡ ಒರಟು ಮಾಂಸ, ಒಂದಿಷ್ಟು ಚರ್ಮ, ಕೊಬ್ಬು. ತಟ್ಟೆಗೆ ಬಡಿಸಲು ಬಾರದ ಈ ಭಾಗಗಳೇ ಬೀನ್ಸ್ ಸೂಪಿಗೆ ಬೇಕಾದವು. ಕೀಲು, ನಾರು, ಚರ್ಮಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದು ಜೆಲಟಿನ್ ಆಗಿ ನೀರಿಗಿಳಿಯುತ್ತದೆ. ಕಾಳಿನ ಪಿಷ್ಟ ಅದರ ಜೊತೆ ಬೆರೆತಾಗ ಸೂಪಿಗೆ ಮೈ ಬರುತ್ತದೆ.

ಸಾಮಗ್ರಿಯಲ್ಲಿ ಕಷ್ಟದ್ದೇನೂ ಇಲ್ಲ. ಈ ಸೂಪು ಕೆಡುವುದೆಲ್ಲ ಕ್ರಮ ತಪ್ಪಿದಾಗ. ಹುಳಿ ಮೊದಲೇ ಬಿದ್ದರೆ ಕಾಳು ಬೇಯುವುದಿಲ್ಲ, ಒಳ್ಳೆಯ ಮಾಂಸ ಮೊದಲೇ ಬಿದ್ದರೆ ಸಿಬಿರಿನಂತಾಗುತ್ತದೆ, ಉಪ್ಪು ಮೊದಲೇ ಬಿದ್ದರೆ ಕೊನೆಗೆ ಬಾಯಿಗಿಡಲು ಆಗುವುದಿಲ್ಲ. ಯಾವುದು ಯಾವಾಗ ಎಂಬುದು ಗೊತ್ತಿದ್ದರೆ ಉಳಿದದ್ದನ್ನು ಸಣ್ಣ ಉರಿಯೇ ನೋಡಿಕೊಳ್ಳುತ್ತದೆ.

ಬೇಕಾಗುವ ಸಾಮಗ್ರಿ (6ರಿಂದ 8 ಜನರಿಗೆ)

- ಒಣಗಿದ ಬಿಳಿ ಬೀನ್ಸ್ ಕಾಳು: 450 ಗ್ರಾಂ
- ನೆನೆಸಲು: 2 ಲೀಟರ್ ನೀರು, 30 ಗ್ರಾಂ ಪುಡಿ ಉಪ್ಪು (ಸುಮಾರು 5 ಟೀ ಚಮಚ)
- ಹ್ಯಾಮ್ ಮೂಳೆ: 1, ಅಂಟಿದ ಮಾಂಸದ ಸಮೇತ 500ರಿಂದ 700 ಗ್ರಾಂ
- ಬಿಡಿಸಿಟ್ಟ ಹ್ಯಾಮ್ ಮಾಂಸ: 250ರಿಂದ 300 ಗ್ರಾಂ
- ಸೂಪಿಗೆ ನೀರು: ಎರಡೂವರೆ ಲೀಟರ್, ಮೇಲೆ ಸೇರಿಸಲು ಇನ್ನೊಂದಿಷ್ಟು ಬಿಸಿನೀರು
- ಈರುಳ್ಳಿ: 1 ದೊಡ್ಡದು, ಕ್ಯಾರೆಟ್: 2, ಸೆಲರಿ ದಂಟು: 2, ಬೆಳ್ಳುಳ್ಳಿ: 4 ಎಸಳು
- ಬೇ ಎಲೆ: 2, ಒಣಗಿದ ಥೈಮ್ (ಘಮದ ಸೊಪ್ಪು): 1 ಟೀ ಚಮಚ, ಕರಿಮೆಣಸಿನ ಪುಡಿ: ಅರ್ಧ ಟೀ ಚಮಚ
- ಬೆಣ್ಣೆ ಅಥವಾ ಎಣ್ಣೆ: 2 ಟೇಬಲ್ ಚಮಚ
- ವಿನೆಗರ್: 1ರಿಂದ 2 ಟೀ ಚಮಚ
- ಉಪ್ಪು: ಕೊನೆಯಲ್ಲಿ, ಅದೂ ಬೇಕೆನಿಸಿದರೆ ಮಾತ್ರ

ಪಾತ್ರೆ 6 ಲೀಟರ್‌ನದ್ದಾಗಿರಲಿ, ತಳ ದಪ್ಪವಿರಲಿ. ತೆಳು ತಳದ ಪಾತ್ರೆಯಲ್ಲಿ ಈ ಸೂಪು ಕೊನೆಯ ಅರ್ಧ ಗಂಟೆಯಲ್ಲಿ ತಳ ಹಿಡಿಯದೇ ಇರುವುದು ಅಪರೂಪ.

ಯಾವ ಕಾಳು?

ಇಲ್ಲಿ ಬೀನ್ಸ್ ಎಂದರೆ ತರಕಾರಿಯಾಗಿ ಹೆಚ್ಚಿಕೊಳ್ಳುವ ಹಸಿರು ಕಾಯಿ ಅಲ್ಲ, ಬಲಿತು ಒಣಗಿದ ಕಾಳು. ಬಿಳಿ ಜಾತಿಗಳಲ್ಲಿ ನೇವಿ ಬೀನ್ಸ್ ಎಲ್ಲಕ್ಕಿಂತ ಪುಟ್ಟದು. ಬೆಂದಾಗ ಸುಲಭವಾಗಿ ಒಡೆದು ಸೂಪನ್ನು ತಾನಾಗಿಯೇ ಮಂದ ಮಾಡುತ್ತದೆ. ಗ್ರೇಟ್ ನಾರ್ದರ್ನ್ ನಡುಗಾತ್ರದ್ದು. ಮೆತ್ತಗಾದರೂ ಆಕಾರ ಬಿಡುವುದಿಲ್ಲ. ಕ್ಯಾನೆಲಿನಿ ದೊಡ್ಡದು, ತಿರುಳು ಬೆಣ್ಣೆಯಷ್ಟು ನುಣುಪು. ಮೊದಲ ಸಲ ಮಾಡುವವರಿಗೆ ಗ್ರೇಟ್ ನಾರ್ದರ್ನ್ ಒಳ್ಳೆಯದು, ಹತ್ತು ನಿಮಿಷ ಹೆಚ್ಚು ಬೆಂದರೂ ಮುದ್ದೆಯಾಗುವುದಿಲ್ಲ. ಎರಡು ಬಗೆಯ ಕಾಳನ್ನು ಒಂದೇ ಪಾತ್ರೆಗೆ ಹಾಕಬೇಡಿ. ಎರಡೂ ಒಂದೇ ಹೊತ್ತಿಗೆ ಬೇಯುವುದಿಲ್ಲ.

ಜಾತಿಗಿಂತ ಮುಖ್ಯವಾದದ್ದು ಕಾಳಿನ ವಯಸ್ಸು. ಸೆಕೆ ಮತ್ತು ತೇವ ಇರುವ ಕಡೆ ಬಹಳ ಕಾಲ ಇಟ್ಟ ಕಾಳು ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಗುಳಿಕೆಯಾಗಿಯೇ ಉಳಿಯುತ್ತದೆ. ಮೈ ಸುಕ್ಕಾಗಿ, ಬಣ್ಣ ಮಾಸಿ, ಸಿಪ್ಪೆ ಬಿರುಕು ಬಿಟ್ಟ ಕಾಳು ಹೆಚ್ಚಿದ್ದರೆ ಆ ಪೊಟ್ಟಣವನ್ನು ಈ ಸೂಪಿಗೆ ಬಳಸಬೇಡಿ. ಹೊಸ ಕಾಳನ್ನು ಹಳೆಯ ಡಬ್ಬಿಯ ಮೇಲೆ ಸುರಿದು ಬೆರೆಸಿಟ್ಟರೂ ಇದೇ ಫಲ: ಅರ್ಧ ಕರಗಿರುತ್ತದೆ, ಅರ್ಧ ಕಟಕಟ ಅನ್ನುತ್ತದೆ.

ಹಿಂದಿನ ರಾತ್ರಿ: ಆರಿಸಿ, ತೊಳೆದು, ಉಪ್ಪುನೀರಿನಲ್ಲಿ ನೆನೆಸಿ

ಕಾಳನ್ನು ತಟ್ಟೆಯಲ್ಲಿ ಹರಡಿ ಕಲ್ಲು, ಮಣ್ಣಿನ ಹೆಂಟೆ, ಒಡಕು ಕಾಳು ಆರಿಸಿ ತೆಗೆಯಿರಿ. ಎರಡು ಸಲ ತೊಳೆಯಿರಿ. 2 ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ 8ರಿಂದ 12 ಗಂಟೆ ನೆನೆಯಲು ಬಿಡಿ. ಸೆಕೆಗಾಲವಾದರೆ ಪಾತ್ರೆ ಫ್ರಿಜ್‌ನಲ್ಲಿರಲಿ. ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ನೊರೆಯೆದ್ದು ಹುಳಿ ವಾಸನೆ ಬಂದಿರುತ್ತದೆ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ನೆನೆಸುವ ನೀರಿನ ಮಟ್ಟಿಗೆ ಆಗುವುದು ಇದರ ತಿರುಗುಮುರುಗು. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್, ಆ ಪೆಕ್ಟಿನ್‌ಗೆ ಬಿಗಿ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನಲ್ಲಿರುವ ಸೋಡಿಯಂ ಅವುಗಳ ಒಂದು ಪಾಲನ್ನು ಹೊರದೂಡಿ ಆ ಜಾಗದಲ್ಲಿ ಕೂರುತ್ತದೆ. ಸಿಪ್ಪೆ ಮೆತ್ತಗಾಗುತ್ತದೆ, ಕುದಿಯುವಾಗ ಸಿಡಿದು ಬಿಡಿಸಿಕೊಳ್ಳುವುದಿಲ್ಲ. ಕಾಳನ್ನು ನಿಜವಾಗಿ ಬೇಯಗೊಡದಿರುವುದು ಹುಳಿ. ಟೊಮೆಟೊ, ನಿಂಬೆರಸ, ವಿನೆಗರ್, ವೈನ್ ಇವೆಲ್ಲ ಪೆಕ್ಟಿನ್ ಕರಗುವುದನ್ನು ತಡೆಯುತ್ತವೆ. ಕಾಳು ಪೂರ್ತಿ ಬೆಂದ ಮೇಲೆಯೇ ಅವುಗಳ ಸರದಿ.

ರಾತ್ರಿ ನೆನೆಸಲು ಮರೆತರೆ ಹೀಗೆ ಮಾಡಿ: ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನೀರಿಟ್ಟು 2 ನಿಮಿಷ ಕೊತಕೊತ ಕುದಿಸಿ, ಒಲೆ ಆರಿಸಿ, ಮುಚ್ಚಿ 1 ಗಂಟೆ ಬಿಡಿ. ರಾತ್ರಿಯಿಡೀ ನೆನೆದ ಕಾಳಿನಷ್ಟು ಸಮನಾಗಿ ಬೇಯುವುದಿಲ್ಲವಾದರೂ ಕೆಲಸ ಸಾಗುತ್ತದೆ.

ಯಾವ ರೀತಿಯಲ್ಲಿ ನೆನೆಸಿದರೂ ಆ ನೀರನ್ನು ಚೆಲ್ಲಿ ಕಾಳನ್ನು ಚೆನ್ನಾಗಿ ತೊಳೆಯಿರಿ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಲ್ಲಿ ಒಂದಿಷ್ಟು ಆ ನೀರಿನ ಜೊತೆ ಹೋಗುತ್ತದೆ, ಹೆಚ್ಚಿನ ಉಪ್ಪೂ ಹೋಗುತ್ತದೆ.

ಹ್ಯಾಮ್ ಬಿಡಿಸುವುದು

ಬೇಯಿಸಿದ ಹ್ಯಾಮ್ ಫ್ರಿಜ್‌ನಲ್ಲಿ 3ರಿಂದ 4 ದಿನ ಚೆನ್ನಾಗಿರುತ್ತದೆ. ಅಷ್ಟರೊಳಗೆ ಸೂಪು ಮಾಡುವ ಯೋಚನೆ ಇಲ್ಲದಿದ್ದರೆ ಮೂಳೆಯನ್ನೂ ಮಾಂಸವನ್ನೂ ಬೇರೆಬೇರೆ ಕಟ್ಟಿ ಫ್ರೀಜರ್‌ನಲ್ಲಿಡಿ. 1ರಿಂದ 2 ತಿಂಗಳು ರುಚಿ ಕೆಡುವುದಿಲ್ಲ. ಮೂಳೆಯ ಹಿಮ ಕರಗುವವರೆಗೆ ಕಾಯಬೇಕಿಲ್ಲ, ಹಾಗೆಯೇ ನೀರಿಗೆ ಹಾಕಬಹುದು.

ಮಾಂಸವನ್ನು ಎರಡು ಗುಂಪು ಮಾಡಿ. ಸುಲಭವಾಗಿ ಬಿಡಿಸಲು ಬರುವ ಒಳ್ಳೆಯ ಮಾಂಸವನ್ನು 1 ಸೆಂ.ಮೀ. ಚೌಕದ ತುಂಡುಗಳಾಗಿ ಹೆಚ್ಚಿ ಫ್ರಿಜ್‌ನಲ್ಲಿ ತೆಗೆದಿಡಿ. ಅದರ ಸರದಿ ಕೊನೆಯ 10 ನಿಮಿಷದಲ್ಲಿ. ಮೂಳೆಗೆ ಕಚ್ಚಿಕೊಂಡ ನಾರುನಾರು ಮಾಂಸವನ್ನು ಕೆರೆಯಲು ಹೋಗಬೇಡಿ. ಮೂಳೆಯ ಜೊತೆಗೇ ಬೆಂದು ತಾನಾಗಿ ಬಿಟ್ಟುಕೊಳ್ಳುತ್ತದೆ. ಅಂಗೈಯಗಲದ ಒಂದು ತುಂಡು ಚರ್ಮವಿದ್ದರೆ ಅದೂ ಮೂಳೆಯೊಡನೆ ಹೋಗಲಿ, ಬೆಂದ ಮೇಲೆ ತೆಗೆದುಹಾಕಿ.

ಹ್ಯಾಮ್‌ನ ಮೇಲೆ ಜೇನು ಅಥವಾ ಬೆಲ್ಲದ ಬಣ್ಣದ ಸಕ್ಕರೆ ಸವರಿ ಸುಟ್ಟಿದ್ದರೆ ಆ ಹೊರಪದರವನ್ನು ಕತ್ತರಿಸಿ ತೆಗೆದು, ಬಿಸಿನೀರಿನಲ್ಲಿ ಮೂಳೆಯನ್ನು ಒಮ್ಮೆ ತೊಳೆಯಿರಿ. ಇಲ್ಲದಿದ್ದರೆ ಸೂಪಿನಲ್ಲಿ ಎಲ್ಲಿಂದ ಬಂತೆಂದು ತಿಳಿಯದ ಸಿಹಿಯೊಂದು ಉಳಿದುಬಿಡುತ್ತದೆ. ಚುಚ್ಚಿದ ಲವಂಗಗಳಿದ್ದರೆ ಎಣಿಸಿ ತೆಗೆಯಿರಿ. ಎರಡು ಲವಂಗ ಉಳಿದು ಎರಡು ಗಂಟೆ ಕುದಿದರೂ ಸಾಕು, ಥೈಮ್‌ನ ಘಮ ಎಲ್ಲಿಯೂ ಸಿಗುವುದಿಲ್ಲ.

ಮೊದಲು ಮೂಳೆ ಮಾತ್ರ

ಮೂಳೆ, ಚರ್ಮ, ಬೇ ಎಲೆಗಳನ್ನು ಎರಡೂವರೆ ಲೀಟರ್ ತಣ್ಣೀರಿಗೆ ಹಾಕಿ ಒಲೆಯ ಮೇಲಿಡಿ. ಕುದಿ ಬಂದಾಗ ಮೇಲೆ ಬರುವ ಬೂದುಬಣ್ಣದ ನೊರೆಯನ್ನು ಸೌಟಿನಿಂದ ತೆಗೆಯಿರಿ. ನಂತರ ಉರಿ ತಗ್ಗಿಸಿ, ಮುಚ್ಚಳವನ್ನು ಓರೆಯಾಗಿಟ್ಟು ಒಂದರಿಂದ ಒಂದೂವರೆ ಗಂಟೆ ಸಣ್ಣಗೆ ಕುದಿಸಿ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಜೋರಾಗಿ ಕುದಿಸಿದರೆ ಕೊಬ್ಬು ನೀರಿನಲ್ಲಿ ಒಡೆದು ಬೆರೆತು ಸಾರು ಜಿಡ್ಡುಜಿಡ್ಡಾಗುತ್ತದೆ.

ಈಗ ಒಂದು ಚಮಚ ಸಾರನ್ನು ಆರಿಸಿ ರುಚಿ ನೋಡಿ. ಇಡೀ ಅಡುಗೆಯಲ್ಲಿ ಮುಖ್ಯವಾದ ಪರೀಕ್ಷೆ ಇದೇ. ಹ್ಯಾಮ್ ಎಷ್ಟು ಉಪ್ಪು ಕುಡಿದಿದೆ ಎಂಬುದು ತುಂಡಿನಿಂದ ತುಂಡಿಗೆ ಬೇರೆ, ಆದ್ದರಿಂದ ಉಪ್ಪಿಗೆ ಯಾವ ಅಳತೆಯೂ ಹೇಳಲು ಬರುವುದಿಲ್ಲ. ಸಾರು ಈಗ ಸಪ್ಪೆಯ ಕಡೆಗೇ ಇರಬೇಕು. ಕೊನೆಯಲ್ಲಿ ಬೀಳುವ ಮಾಂಸದಿಂದ ಇನ್ನಷ್ಟು ಉಪ್ಪು ಬಿಡುತ್ತದೆ, ನೀರು ಆವಿಯಾದಷ್ಟೂ ಉಪ್ಪು ಏರುತ್ತದೆ. ಈಗಲೇ ಕುಡಿಯಲು ಸರಿಯಾಗಿದೆ ಅನಿಸಿದರೆ ಮೂರನೇ ಒಂದು ಭಾಗ ತೆಗೆದು ಅಷ್ಟೇ ಬಿಸಿನೀರು ಸೇರಿಸಿ. ಈಗಲೇ ಉಪ್ಪಾಗಿದ್ದರೆ ಅರ್ಧ ತೆಗೆಯಿರಿ. ತೆಗೆದದ್ದನ್ನು ಚೆಲ್ಲಬೇಡಿ, ಫ್ರೀಜರ್‌ನಲ್ಲಿಟ್ಟರೆ ಇನ್ನೊಂದು ಅಡುಗೆಗೆ ಬರುತ್ತದೆ.

ಸಮಯವಿದ್ದರೆ ಮೂಳೆ ಸಾರನ್ನು ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡುವುದು ಲೇಸು. ಬೆಳಗ್ಗೆ ಕೊಬ್ಬು ಮೇಲೆ ಬಿಳಿ ಪದರವಾಗಿ ಕಟ್ಟಿರುತ್ತದೆ, ಚಮಚದಿಂದ ಎತ್ತಿದರೆ ಬಂತು. ಅದರಲ್ಲೇ ಎರಡು ಚಮಚ ಉಳಿಸಿಕೊಂಡು ತರಕಾರಿ ಬಾಡಿಸಿದರೆ ಬೆಣ್ಣೆಯೂ ಬೇಡ.

ಕಾಳು ಬೇಯುವ ಹೊತ್ತು

ಕುದಿಯುತ್ತಿರುವ ಸಾರಿಗೆ ನೆನೆದ ಕಾಳು ಹಾಕಿ. ಮೂಳೆ ಒಳಗೇ ಇರಲಿ. ಮೊದಲ 10 ನಿಮಿಷ ಜೋರಾಗಿ ಕುದಿಸಿ, ಆಮೇಲೆ ಉರಿ ಸಣ್ಣ ಮಾಡಿ. ಕಾಳಿನ ಮೇಲೆ ಸದಾ 2ರಿಂದ 3 ಸೆಂ.ಮೀ. ನೀರು ನಿಂತಿರಬೇಕು. ಕಡಿಮೆಯಾದರೆ ಬಿಸಿನೀರನ್ನೇ ಸೇರಿಸಿ. ತಣ್ಣೀರು ಸುರಿದರೆ ಕುದಿ ನಿಂತು ಬೇಯುವ ಹೊತ್ತು ಎಳೆಯುತ್ತದೆ.

ನೇವಿ ಬೀನ್ಸ್‌ಗೆ ಸಾಮಾನ್ಯವಾಗಿ 60ರಿಂದ 90 ನಿಮಿಷ ಹಿಡಿಯುತ್ತದೆ, ದೊಡ್ಡ ಕಾಳಿಗೆ ಇನ್ನೂ ಸ್ವಲ್ಪ. ಗಡಿಯಾರಕ್ಕಿಂತ ಬಾಯಿಯನ್ನು ನಂಬಿ. ಪಾತ್ರೆಯ ಬೇರೆಬೇರೆ ಕಡೆಯಿಂದ ಐದು ಕಾಳು ತೆಗೆದು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ನೋಡಿ. ಐದಕ್ಕೆ ಐದೂ ಹಿಟ್ಟುಹಿಟ್ಟಾಗದೆ ನುಣ್ಣಗೆ ಕರಗಬೇಕು. ಅನ್ನಕ್ಕೆ ಒಂದು ಅಗುಳು ಹಿಚುಕಿ ನೋಡಿದರೆ ಸಾಕಾಗಬಹುದು, ಕಾಳಿಗೆ ಸಾಲದು.

ಎರಡು ಗಂಟೆಯಾದರೂ ಗಟ್ಟಿಯೇ? ಕಾಳು ಹಳೆಯದಿರಬೇಕು, ಇಲ್ಲವೇ ನೀರು ಗಡಸಿರಬೇಕು. ಗಡಸು ನೀರಿನ ಕ್ಯಾಲ್ಸಿಯಂ ಸಿಪ್ಪೆಯನ್ನು ಮತ್ತೆ ಬಿಗಿ ಮಾಡುತ್ತದೆ. ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿದರೆ ಹಾದಿಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಬೇಡ; ಸೂಪಿಗೆ ಸಾಬೂನಿನ ರುಚಿ ಬರುತ್ತದೆ, ಕಾಳು ಲೋಳೆಯಾಗುತ್ತದೆ. ಎತ್ತರದ ಊರುಗಳಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ (ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ), ಅಲ್ಲಿ ಹೊತ್ತು ಹೆಚ್ಚು ಹಿಡಿಯುವುದು ಸಹಜ.

ಬಿಳಿಯ ಬದಲು ಕೆಂಪು ಕಿಡ್ನಿ ಬೀನ್ಸ್ ಬಳಸುವವರು ಇದನ್ನು ಓದದೆ ಮುಂದೆ ಹೋಗಬೇಡಿ. ಹಸಿ ಕಾಳಿನಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷವಿದೆ, ಕೆಂಪು ಕಾಳಿನಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿದ ಮೇಲೆಯೇ ಸೂಪಿಗೆ ಹಾಕಿ. ಸ್ಲೋ ಕುಕ್ಕರ್‌ಗೆ (ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ಹಸಿ ಕಾಳನ್ನು ನೇರವಾಗಿ ಹಾಕುವುದು ಅಪಾಯ. ಅದರ ಶಾಖ ಕುದಿಯ ಮಟ್ಟ ಮುಟ್ಟದೇ ಇದ್ದರೆ ಕಾಳು ಮೆತ್ತಗಾಗಿರುತ್ತದೆ, ವಿಷ ಹಾಗೆಯೇ ಇರುತ್ತದೆ. ಬಿಳಿ ಕಾಳಿನಲ್ಲಿ ವಿಷ ಕಡಿಮೆ ಇದ್ದರೂ ಸ್ಲೋ ಕುಕ್ಕರ್‌ಗೆ ಮುಂಚೆ ಕುದಿಸುವ ನಿಯಮವನ್ನು ಬಿಡಬೇಡಿ.

ತರಕಾರಿ, ಮಾಂಸ, ಮಂದ

ಕಾಳು ಮುಕ್ಕಾಲು ಬೆಂದಾಗ ಇನ್ನೊಂದು ಬಾಣಲೆಯಲ್ಲಿ ಬೆಣ್ಣೆ ಬಿಸಿ ಮಾಡಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿಯನ್ನು ನಡು ಉರಿಯಲ್ಲಿ 8ರಿಂದ 10 ನಿಮಿಷ ಬಾಡಿಸಿ. ಅಂಚು ಕೆಂಪಗಾದರೆ ಸಾಕು. ಬೆಳ್ಳುಳ್ಳಿ, ಥೈಮ್ ಹಾಕಿ ಒಂದು ನಿಮಿಷ ಕೈಯಾಡಿಸಿ ಎಲ್ಲವನ್ನೂ ಸೂಪಿಗೆ ಸುರಿಯಿರಿ. ಬಾಣಲೆಗೆ ಒಂದು ಸೌಟು ಸಾರು ಹಾಕಿ ತಳಕ್ಕಂಟಿದ್ದನ್ನು ಕೆರೆದು ಅದನ್ನೂ ಸೇರಿಸಿ. ಇನ್ನು 20ರಿಂದ 25 ನಿಮಿಷ. ತರಕಾರಿಯನ್ನು ಮೊದಲೇ ಕಾಳಿನ ಜೊತೆ ಹಾಕಿದರೆ ಸೂಪು ಕೆಡುವುದೇನೂ ಇಲ್ಲ, ಆದರೆ ಕ್ಯಾರೆಟ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಮೂಳೆಯನ್ನು ಇಕ್ಕಳದಿಂದ ತೆಗೆದು ತಟ್ಟೆಯಲ್ಲಿಡಿ. ಕೈಗೆ ತಾಳುವಷ್ಟು ಆರಿದ ಮೇಲೆ ಮಾಂಸ ಬಿಡಿಸಿ. ಚರ್ಮ, ಬೇ ಎಲೆ, ಮೃದ್ವಸ್ಥಿ ತೆಗೆದುಹಾಕಿ. ಮೂಳೆಯ ಸಣ್ಣ ಚಕ್ಕೆಗಳು ಸಾರಿನಲ್ಲಿ ಬಿದ್ದಿವೆಯೇ ಎಂದು ಸೌಟಿನಿಂದ ತಳವನ್ನು ಒಮ್ಮೆ ತಡಕಿ ನೋಡಿ. ಗರಗಸದಲ್ಲಿ ಕೊಯ್ದ ಮೂಳೆಯಾದರೆ ಇದನ್ನು ತಪ್ಪಿಸಬೇಡಿ.

ಮಂದ ಬರಲು ಹಿಟ್ಟು ಬೇಕಾಗಿಲ್ಲ. ಎರಡು ಸೌಟು ಕಾಳನ್ನು ಬಟ್ಟಲಿಗೆ ತೆಗೆದು ಸೌಟಿನ ಹಿಂಬದಿಯಿಂದ ಹಿಚುಕಿ ವಾಪಸ್ ಹಾಕಿ. ಸಾಲದಿದ್ದರೆ ಇನ್ನೊಂದು ಸೌಟು. ಮಿಕ್ಸಿಯಲ್ಲಿ ಎಲ್ಲವನ್ನೂ ರುಬ್ಬಿಬಿಟ್ಟರೆ ಅದು ಬೇರೆಯೇ ಅಡುಗೆ. ಅಮೆರಿಕದ ಸೆನೆಟ್ ಭೋಜನಶಾಲೆಯಲ್ಲಿ 20ನೇ ಶತಮಾನದ ಆರಂಭದಿಂದ ಬಡಿಸುತ್ತಾ ಬಂದಿರುವ ಬೀನ್ಸ್ ಸೂಪೂ ನೇವಿ ಬೀನ್ಸ್ ಮತ್ತು ಹ್ಯಾಮ್‌ನದ್ದೇ. ಅದನ್ನು ಮಾಡುವ ಒಂದು ಬಗೆಯಲ್ಲಿ ಮಂದಕ್ಕಾಗಿ ಹಿಸುಕಿದ ಆಲೂಗಡ್ಡೆ ಸೇರಿಸುತ್ತಾರೆ. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಆಲೂಗಡ್ಡೆ ಬಿದ್ದ ಸೂಪನ್ನು ಫ್ರೀಜರ್‌ನಲ್ಲಿಟ್ಟರೆ ಕರಗಿದ ಮೇಲೆ ತರಿತರಿಯಾಗುತ್ತದೆ.

ಹಿಚುಕಿದ ಕಾಳು ಬಿದ್ದ ಕ್ಷಣದಿಂದ ಪಿಷ್ಟ ತಳಕ್ಕಿಳಿಯುತ್ತದೆ. ಉರಿ ಇನ್ನೂ ಸಣ್ಣದಾಗಲಿ, ಐದು ನಿಮಿಷಕ್ಕೊಮ್ಮೆ ತಳ ಮುಟ್ಟುವಂತೆ ಕಲಕಿ. ಈಗ ತೆಗೆದಿಟ್ಟ ಹ್ಯಾಮ್ ತುಂಡುಗಳೂ ಮೂಳೆಯಿಂದ ಬಿಡಿಸಿದ ಮಾಂಸವೂ ಒಳಗೆ ಹೋಗಲಿ. ಹ್ಯಾಮ್ ಮೊದಲೇ ಬೆಂದಿರುವುದರಿಂದ 10 ನಿಮಿಷ ಬಿಸಿಯಾದರೆ ಸಾಕು. ಗುಲಾಬಿ ಬಣ್ಣ ಹೋಗಲಿಲ್ಲವೆಂದು ಇನ್ನೂ ಬೇಯಿಸುತ್ತಾ ಕೂರಬೇಡಿ, ಹದ ಮಾಡುವಾಗ ಹಾಕಿದ ನೈಟ್ರೈಟ್ ಎಂಬ ಲವಣದಿಂದ ಬಂದ ಬಣ್ಣ ಅದು, ಎಷ್ಟು ಕುದಿಸಿದರೂ ಇರುತ್ತದೆ.

ಒಲೆ ಆರಿಸಿ ಕರಿಮೆಣಸು ಹಾಕಿ, ಒಂದು ಟೀ ಚಮಚ ವಿನೆಗರ್ ಬೆರೆಸಿ ರುಚಿ ನೋಡಿ. ಉಪ್ಪು ಸಾಲದು ಅನಿಸಿದ ಸೂಪಿಗೆ ಬೇಕಿದ್ದದ್ದು ಎಷ್ಟೋ ಸಲ ಈ ಚೂರು ಹುಳಿ ಮಾತ್ರ. ಆಮೇಲೂ ಸಪ್ಪೆಯಾಗಿದ್ದರೆ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಬಡಿಸುವ ಮುಂಚೆ 15 ನಿಮಿಷ ಹಾಗೆಯೇ ಬಿಟ್ಟರೆ ಮಂದ ಕೂಡಿಕೊಳ್ಳುತ್ತದೆ.

ಕೈತಪ್ಪಿದಾಗ

ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿ ತೆಗೆದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಆಲೂಗಡ್ಡೆ ಉಪ್ಪನ್ನು ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನೇ ಹೀರುತ್ತದೆ. ಪಾತ್ರೆಯಲ್ಲಿ ಉಳಿದದ್ದರ ರುಚಿ ಅಷ್ಟೇ ಉಪ್ಪು. ಬಿಸಿನೀರು ಸೇರಿಸಿ, ಉಪ್ಪಿಲ್ಲದೆ ಬೇಯಿಸಿದ ಕಾಳನ್ನು ಹಿಚುಕಿ ಬೆರೆಸುವುದೊಂದೇ ದಾರಿ. ಸೂಪು ಹೆಚ್ಚಾಗುತ್ತದೆ, ಆಗಲಿ.

ತಳ ಹಿಡಿದ ವಾಸನೆ ಬಂದ ತಕ್ಷಣ ಒಲೆ ಆರಿಸಿ. ಕಲಕಬೇಡಿ, ತಳ ಕೆರೆಯಬೇಡಿ. ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಸುರಿದುಕೊಂಡರೆ ಬಹಳಷ್ಟು ಉಳಿಯುತ್ತದೆ. ಒಮ್ಮೆ ಕೆರೆದು ಬೆರೆಸಿದರೆ ಸೀದ ವಾಸನೆಗೆ ಮದ್ದಿಲ್ಲ.

ಮೂಳೆಯಿಲ್ಲ, ಹ್ಯಾಮ್ ಹೋಳುಗಳಷ್ಟೇ ಇವೆ ಎಂದರೆ ಉಪ್ಪಿಲ್ಲದ ಕೋಳಿ ಸಾರಿನಲ್ಲಿ ಕಾಳು ಬೇಯಿಸಿ. ಹೋಳುಗಳನ್ನು ಹೆಚ್ಚಿ ತರಕಾರಿಗೂ ಮುಂಚೆ ಬಾಣಲೆಯಲ್ಲಿ ಕಂದುಬಣ್ಣಕ್ಕೆ ಹುರಿದು ತೆಗೆದಿಡಿ. ಮೂಳೆ ಕೊಡುವ ಆಳ ಬರುವುದಿಲ್ಲ, ಹುರಿದ ಘಮ ಅದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ.

ಡಬ್ಬಿಯ ಕಾಳಾದರೆ 400 ಗ್ರಾಂನ 4ರಿಂದ 5 ಡಬ್ಬಿ ಬೇಕು. ಅದರ ನೀರು ಬಸಿದು ತೊಳೆದು, ತರಕಾರಿಯ ಜೊತೆಗೇ ಹಾಕಿ. ಮೂಳೆ ಸಾರನ್ನು ಮಾತ್ರ ಮೊದಲೇ ಪೂರ್ತಿ ಹೊತ್ತು ಕುದಿಸಿಕೊಂಡಿರಬೇಕು.

ಪ್ರೆಷರ್ ಕುಕ್ಕರ್‌ನಲ್ಲಿ ಮೂಳೆಗೆ ಒತ್ತಡ ಬಂದ ಮೇಲೆ 30ರಿಂದ 40 ನಿಮಿಷ, ನೆನೆದ ಕಾಳಿಗೆ 10ರಿಂದ 12 ನಿಮಿಷ ಸಣ್ಣ ಉರಿ. ಕಾಳು ನೊರೆ ಕಟ್ಟುವುದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನೊರೆಯ ಜೊತೆ ಸಿಪ್ಪೆ ಮೇಲೇರಿ ಆವಿಯ ದಾರಿ ಕಟ್ಟಿಕೊಳ್ಳುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಒತ್ತಡ ತಾನಾಗಿ ಇಳಿಯಲಿ. ಅವಸರದಲ್ಲಿ ಆವಿ ಬಿಟ್ಟರೆ ಒಳಗಿನ ಕಾಳೆಲ್ಲ ಸಿಡಿದು ಸಿಪ್ಪೆ ಬೇರೆ ತಿರುಳು ಬೇರೆ ಆಗುತ್ತದೆ. ತರಕಾರಿ, ಮಾಂಸದ ಹಂತಗಳು ಮುಚ್ಚಳ ತೆಗೆದ ಮೇಲೆ, ಮೊದಲು ಹೇಳಿದಂತೆಯೇ.

ಉಳಿದ ಸೂಪು

ಮಂದನೆಯ ಸೂಪು ಬಹಳ ನಿಧಾನವಾಗಿ ಆರುತ್ತದೆ, ಅಪಾಯವಿರುವುದು ಅಲ್ಲೇ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯಲ್ಲೂ ಸಾಯುವುದಿಲ್ಲ. ಸೂಪು ಉಗುರುಬೆಚ್ಚಗೆ ನಿಂತಷ್ಟು ಹೊತ್ತೂ ಬೆಳೆಯುತ್ತವೆ. ದೊಡ್ಡ ಪಾತ್ರೆಯನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡುವುದಾಗಲಿ, ಹಾಗೆಯೇ ಫ್ರಿಜ್‌ಗೆ ತುರುಕುವುದಾಗಲಿ ಬೇಡ. ಐದಾರು ಸೆಂ.ಮೀ. ಆಳದ ಅಗಲವಾದ ಡಬ್ಬಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆಗಾಗ ಕಲಕಿ, 2 ಗಂಟೆಯೊಳಗೆ ಫ್ರಿಜ್ ಸೇರಿಸಿ.

ಫ್ರಿಜ್‌ನಲ್ಲಿ 3ರಿಂದ 4 ದಿನ, ಫ್ರೀಜರ್‌ನಲ್ಲಿ 2ರಿಂದ 3 ತಿಂಗಳು. ಫ್ರೀಜರ್‌ಗೆ ಹಾಕುವಾಗ ಡಬ್ಬದ ಮೇಲ್ಭಾಗದಲ್ಲಿ 2 ಸೆಂ.ಮೀ. ಜಾಗ ಬಿಡಿ. ಮರುದಿನ ಸೂಪು ಪಾಯಸಕ್ಕಿಂತ ಗಟ್ಟಿಯಾಗಿ, ಜೆಲ್ಲಿಯಂತೆ ನಡುಗುತ್ತಿದ್ದರೆ ಮೂಳೆ ಚೆನ್ನಾಗಿ ಬೆಂದಿದೆ ಎಂದರ್ಥ. ಬೇಕಾದಷ್ಟನ್ನೇ ತೆಗೆದು, ಅರ್ಧ ಕಪ್ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕಲಕುತ್ತಾ ನಡುಭಾಗವೂ ಕುದಿ ಬರುವಷ್ಟು ಬಿಸಿ ಮಾಡಿ. ನೀರು ಸೇರಿದ್ದಕ್ಕೆ ರುಚಿ ಇಳಿದಿರುತ್ತದೆ. ಇನ್ನೆರಡು ಹನಿ ವಿನೆಗರ್ ಬೇಕಾಗಬಹುದು.